ಪರೀಕ್ಷಾ ಕೊಠಡಿಯ ಕಪಾಟಿನಲ್ಲಿ ಯಾವುದರ ಪಕ್ಕ ಯಾವುದನ್ನು ಇಡಬಾರದು?

ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ಮುಂಚೆ ಕಲ್ಲುಸುಣ್ಣವನ್ನು ಮಡಕೆಗೆ ಹಾಕಿ ನೀರು ಹುಯ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಕೆಳಗೆ ಒಲೆ ಇಲ್ಲ, ಉರಿ ಇಲ್ಲ. ಆದರೂ ನೀರು ಬುಳುಬುಳು ಕುದಿಯುತ್ತದೆ, ಆವಿ ಏಳುತ್ತದೆ, ಮಡಕೆ ಕೈಯಿಂದ ಮುಟ್ಟಲಾಗದಷ್ಟು ಕಾಯುತ್ತದೆ. ಸುಣ್ಣವೂ ತಣ್ಣಗಿತ್ತು, ನೀರೂ ತಣ್ಣಗಿತ್ತು. ಎರಡೂ ಸೇರಿದಾಗ ಬಿಸಿ ಹುಟ್ಟಿತು. ಹೀಗೆ ಬೇರೆ ವಸ್ತುವಿನ ಜೊತೆ ಸೇರಿದ ಕೂಡಲೇ ಬಿಸಿಯನ್ನೋ ಬೆಂಕಿಯನ್ನೋ ವಿಷಗಾಳಿಯನ್ನೋ ಹುಟ್ಟಿಸುವ ವಸ್ತುಗಳಿಗೆ ಕ್ರಿಯಾಶೀಲ ರಾಸಾಯನಿಕಗಳು ಎಂದು ಹೆಸರು. ಅವನ್ನು ಒಂಟಿಯಾಗಿ, ಒಣಗಿದ ಜಾಗದಲ್ಲಿ, ತಮ್ಮ ತಮ್ಮ ಡಬ್ಬದಲ್ಲಿ ಇಟ್ಟಿರುವವರೆಗೆ ಬಹುಪಾಲು ಸುಮ್ಮನಿರುತ್ತವೆ. ಜೊತೆ ಸಿಕ್ಕಾಗಲೇ ತೊಂದರೆ.

ಪ್ರಯೋಗಾಲಯ ಎಂದರೆ ಪೇಟೆಯ ಕಾಲೇಜಿನಲ್ಲಿರುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಜಿಡ್ಡು ನೋಡುವ ಆ ಹತ್ತಡಿ ಕೊಠಡಿಯೂ ಪ್ರಯೋಗಾಲಯವೇ. ಗಂಧಕಾಮ್ಲ ಅಲ್ಲಿದೆ, ಅಮೈಲ್ ಆಲ್ಕೋಹಾಲ್ ಅಲ್ಲಿದೆ. ಕ್ಯಾನು ತೊಳೆಯುವ ಸೋಡ, ನೆಲ ತೊಳೆಯುವ ಬ್ಲೀಚಿಂಗ್ ಪುಡಿ, ಫಿನಾಯಿಲ್, ಸ್ಪಿರಿಟ್ ಎಲ್ಲವೂ ಅಲ್ಲಿವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಕಪಾಟು ಇರುತ್ತದೆ, ನೋಡಿಕೊಳ್ಳಲು ಒಬ್ಬರು ಇರುತ್ತಾರೆ. ನಮ್ಮಲ್ಲಿ ಬಹಳ ಕಡೆ ಇರುವುದು ಒಂದೇ ಕಬ್ಬಿಣದ ಬೀರು, ಅದರೊಳಗೆ ಲೆಕ್ಕದ ಪುಸ್ತಕ, ಹಾಲಿನ ಪಾಸ್‌ಬುಕ್ಕು, ಊದಿನಕಡ್ಡಿ, ಬೆಂಕಿಪೊಟ್ಟಣ, ಪಕ್ಕದಲ್ಲೇ ಆಸಿಡ್. ಬೆಳಗ್ಗೆ ಐದೂವರೆಗೆ ನೀವು ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ನಿಮ್ಮ ಸೆರಗು ಹಿಡಿದ ಮಗುವೂ ಅದೇ ಕೊಠಡಿಯ ಬಾಗಿಲಲ್ಲಿ ನಿಂತಿರುತ್ತದೆ.

ದನ ನೋಡಲು ಬರುವ ಡಾಕ್ಟರಿಗೆ ಕಪಾಟಿನ ಉಸಾಬರಿ ಯಾಕೆ ಎಂದು ಕೇಳಬಹುದು. ಆ ಕಪಾಟಿನಲ್ಲಿರುವ ಸಾಮಾನಿನಲ್ಲಿ ಅರ್ಧಕ್ಕರ್ಧ ನಾವೇ ಬರೆದುಕೊಟ್ಟದ್ದು. ಇನ್ನರ್ಧ ಒಕ್ಕೂಟದಿಂದ ಬಂದದ್ದು. ಆದ್ದರಿಂದ ಹೇಳುವ ಹೊಣೆಯೂ ನಮ್ಮದೇ.

ಗಂಧಕಾಮ್ಲ: ನೀರಿನ ಮೇಲೆ ಅದಕ್ಕೆ ಆಸೆ ಹೆಚ್ಚು

ಗರ್ಬರ್ ವಿಧಾನದಲ್ಲಿ ಜಿಡ್ಡು ನೋಡುವ ಸಂಘಗಳಲ್ಲಿ ಒಂದು ಮಾದರಿಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಬೇಕು. 60 ಸದಸ್ಯರ ಹಾಲನ್ನು ಎರಡು ಹೊತ್ತೂ ಪರೀಕ್ಷೆ ಮಾಡಿದರೆ ದಿನಕ್ಕೆ 1 ಲೀಟರ್ 200 ಮಿಲಿಲೀಟರ್ ಆಸಿಡ್ ಖರ್ಚಾಗುತ್ತದೆ. ಹಾಗಾಗಿ ಸಂಘದಲ್ಲಿ ಸದಾ ಒಂದಷ್ಟು ಲೀಟರ್ ದಾಸ್ತಾನು ಇದ್ದೇ ಇರುತ್ತದೆ. ಇದು ಬ್ಯಾಟರಿಗೆ ಹಾಕುವ ತೆಳು ಆಸಿಡ್ ಅಲ್ಲ. ನೂರಕ್ಕೆ 90ರಷ್ಟು ಶುದ್ಧ ಆಮ್ಲವಿರುವ ಗಟ್ಟಿ ಆಸಿಡ್. ತೂಕವೂ ನೀರಿಗಿಂತ ಹೆಚ್ಚು. 5 ಲೀಟರ್ ಕ್ಯಾನು ಎಂದರೆ 9 ಕೆ.ಜಿ. ಭಾರ. ನೀರಿನ ಕ್ಯಾನು ಎಂದು ಅಂದಾಜು ಮಾಡಿ ಒಂದೇ ಕೈಯಲ್ಲಿ ಎತ್ತಿದರೆ ಜಾರುತ್ತದೆ.

ಈ ಆಸಿಡ್ಡಿಗೆ ನೀರು ಕಂಡರೆ ಆಗದಷ್ಟು ಆಸೆ. ಗಾಳಿಯಲ್ಲಿರುವ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯಲ್ಲಿ ಆಸಿಡ್ ದಿನೇ ದಿನೇ ತೆಳ್ಳಗಾಗುತ್ತಾ ಮಟ್ಟ ಏರುತ್ತದೆ. ಆಸಿಡ್ ತೆಳುವಾದರೆ ಹಾಲಿನ ಸಸಾರಜನಕ ಪೂರ್ತಿ ಕರಗುವುದಿಲ್ಲ, ಜಿಡ್ಡಿನ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಅಂದರೆ ಮುಚ್ಚಳ ಬಿಗಿ ಇಲ್ಲದಿದ್ದರೆ ನಿಮ್ಮ ಹಾಲಿನ ದರಕ್ಕೂ ಪೆಟ್ಟು. ಸುರಕ್ಷತೆಯ ಮಾತಿಗೆ ತಲೆಕೆಡಿಸಿಕೊಳ್ಳದ ಆಡಳಿತ ಮಂಡಳಿಗೆ ಈ ಕಾರಣವನ್ನಾದರೂ ಹೇಳಿ ನೋಡಿ.

ಗಟ್ಟಿ ಆಸಿಡ್ಡಿಗೆ ನೀರು ಬಿದ್ದರೆ ಸುಣ್ಣದ ಮಡಕೆಯಂತೆಯೇ, ಅದಕ್ಕಿಂತ ಜೋರಾಗಿ ಆಗುತ್ತದೆ. ನೀರು ಹಗುರ, ಆಸಿಡ್ ಭಾರ. ಮೇಲೆ ನಿಂತ ನೀರು ಅಲ್ಲೇ ಕುದಿದು ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ತೆಳು ಮಾಡಲೇಬೇಕಾದರೆ ಬಹಳ ನೀರಿಗೆ ಸ್ವಲ್ಪ ಸ್ವಲ್ಪವೇ ಆಸಿಡ್ ಹಾಕಬೇಕು. ಆಸಿಡ್ಡಿಗೆ ನೀರು ಎಂದೂ ಹಾಕಬಾರದು. ಬ್ಯುಟಿರೋಮೀಟರ್‌ಗೂ ಇದೇ ಕಾರಣಕ್ಕೆ ಮೊದಲು ಆಸಿಡ್, ಆಮೇಲೆ ಗಾಜಿನ ಗೋಡೆಗುಂಟ ನಿಧಾನವಾಗಿ ಹಾಲು. ಹಾಲು ಮೇಲೆ ಪದರವಾಗಿ ನಿಲ್ಲಬೇಕು, ಧುಮುಕಬಾರದು. ಪಿಪೆಟ್ಟನ್ನು ಬಾಯಿಂದ ಎಳೆಯುವ ರೂಢಿ ಇನ್ನೂ ಕೆಲವು ಕಡೆ ಇದೆ. ಆಸಿಡ್ಡಿಗೆ ಅಳತೆಯ ಓರೆ ಪಾತ್ರೆ ಸಿಗುತ್ತದೆ, ಸಂಘ ಅದನ್ನು ತರಿಸಿಕೊಡಬೇಕು. ಪರೀಕ್ಷಕಿ ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ಇಡುವ ಜಾಗ. ಆಸಿಡ್ ಬಾಟಲಿಯನ್ನು ಬೀರುವಿನ ಮೇಲಿನ ಅರೆಯಲ್ಲಿ ಇಡಬೇಡಿ. ನೆಲದ ಹತ್ತಿರ, ಅಗಲವಾದ ಪ್ಲಾಸ್ಟಿಕ್ ಟಬ್ಬಿನೊಳಗೆ ಇಡಿ. ಬಾಟಲಿ ಒಡೆದರೂ ಆಸಿಡ್ ಟಬ್ಬಿನಲ್ಲೇ ನಿಲ್ಲಬೇಕು. ಟಬ್ಬಿನ ಕೆಳಗೆ ಗೋಣಿಚೀಲ, ಕಾಗದ, ಹುಲ್ಲು ಹಾಸಬೇಡಿ, ಆಸಿಡ್ ಇವನ್ನೆಲ್ಲ ಸುಟ್ಟ ಹಾಗೆ ಕರಿ ಮಾಡುತ್ತದೆ. ತಗಡಿನ ಬಕೆಟ್ಟು ಬೇಡವೇ ಬೇಡ. ನೀರು ಬೆರೆತ ಆಸಿಡ್ ತಗಡಿನ ಸತುವನ್ನು ತಿಂದು ಜಲಜನಕ ಎಂಬ ಗಾಳಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡಾಗ ಬೆಂಕಿಕಡ್ಡಿ ಗೀರಿದರೆ ಸಿಡಿಯುತ್ತದೆ.

ಅಮೈಲ್ ಆಲ್ಕೋಹಾಲ್ ಉರಿಯುವ ವಸ್ತು. ಆಲ್ಕೋಹಾಲ್ ಪರೀಕ್ಷೆಗೆ ಬಳಸುವ ಸ್ಪಿರಿಟ್ ಅದಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ. ಹಾಲು ಒಡೆಯುತ್ತದೆಯೇ ಎಂದು ಕುದಿಸಿ ನೋಡುವ ಸ್ಟವ್ವು ಅದರ ಪಕ್ಕ ಇರಬಾರದು. ದಾಸ್ತಾನು ಪುಸ್ತಕದ ಪಟ್ಟಿಯಂತೆ ಅಕ್ಷರಮಾಲೆ ಪ್ರಕಾರ ಬಾಟಲಿ ಜೋಡಿಸುವ ಅಚ್ಚುಕಟ್ಟಿನ ಕಾರ್ಯದರ್ಶಿಗಳೂ ಇದ್ದಾರೆ. ಹಾಗೆ ಜೋಡಿಸಿದರೆ ಆಲ್ಕೋಹಾಲ್ ಮತ್ತು ಆಸಿಡ್ ಅಕ್ಕಪಕ್ಕ ಕೂರುತ್ತವೆ. ಹೆಸರು ನೋಡಿ ಜೋಡಿಸಬಾರದು, ಸ್ವಭಾವ ನೋಡಿ ಜೋಡಿಸಬೇಕು.

ಆಸಿಡ್‌ಗಳೆಲ್ಲ ಒಂದೇ ಜಾತಿ ಎಂದೂ ತಿಳಿಯಬೇಡಿ. ಕಲಬೆರಕೆ ಪರೀಕ್ಷೆಗೆ, ಬಿಎಂಸಿ ತೊಟ್ಟಿಯ ಹಾಲುಗಲ್ಲು ತೆಗೆಯಲು ಬಳಸುವ ನೈಟ್ರಿಕ್ ಆಸಿಡ್ ತಾನು ಉರಿಯದಿದ್ದರೂ ಇನ್ನೊಂದನ್ನು ಉರಿಸುತ್ತದೆ. ಅದರ ಗಟ್ಟಿ ದ್ರವ ಚೆಲ್ಲಿದಾಗ ಮರದ ಹೊಟ್ಟು, ಬಟ್ಟೆ, ಹತ್ತಿ ಹಾಕಿ ಒರೆಸಿದರೆ ಆ ಹೊಟ್ಟಿಗೇ ಬೆಂಕಿ ಹತ್ತಬಹುದು. ಸ್ಪಿರಿಟ್ ಇರುವ ಅರೆಯಲ್ಲಿ ಇದು ಇರಲೇಬಾರದು.

ಬ್ಲೀಚಿಂಗ್ ಪುಡಿ: ಎಲ್ಲರ ಜೊತೆಗೂ ಜಗಳ

ಆಸಿಡ್ ಎಂದರೆ ಎಲ್ಲರಿಗೂ ಭಯವಿದೆ, ಆ ಭಯವೇ ಒಂದಷ್ಟು ಕಾಪಾಡುತ್ತದೆ. ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಯಾರಿಗೂ ಭಯವಿಲ್ಲ. ಪಂಚಾಯಿತಿಯವರು ಬಾವಿಗೆ ಹಾಕುತ್ತಾರೆ, ಚರಂಡಿಗೆ ಎರಚುತ್ತಾರೆ, ನಾವೂ ಕೊಟ್ಟಿಗೆಗೆ ಎರಚುತ್ತೇವೆ. ನನ್ನ ಲೆಕ್ಕದಲ್ಲಿ ಸಂಘದ ಕೊಠಡಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಈ ಬಿಳಿ ಪುಡಿಗೇ.

ಇದರೊಳಗೆ ಕ್ಲೋರಿನ್ ಕಟ್ಟಿಟ್ಟಂತೆ ಇರುತ್ತದೆ. ಯಾವುದೇ ಆಸಿಡ್ ತಗುಲಿದರೆ ಕಟ್ಟು ಬಿಚ್ಚಿ ಕ್ಲೋರಿನ್ ಗಾಳಿ ಒಮ್ಮೆಲೇ ಹೊರಬರುತ್ತದೆ. ಗಂಧಕಾಮ್ಲವೇ ಬೇಕೆಂದಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಸಾಕು, ಹಾಲುಗಲ್ಲು ತೆಗೆಯುವ ಆಸಿಡ್ ಸಾಕು. ಕೆಚ್ಚಲು ಅದ್ದುವ ಅಯೋಡಿನ್ ದ್ರಾವಣಗಳೂ ಹುಳಿ ಸ್ವಭಾವದವೇ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ನಿಂತ ದೊಡ್ಡವರಿಗಿಂತ ಮೊದಲು ಅದು ಸಿಗುವುದು ಕೂತು ನೆಲ ಒರೆಸುವ ಹೆಂಗಸಿಗೆ, ಚಿಕ್ಕ ಮಗುವಿಗೆ, ಕೊಟ್ಟಿಗೆಯಲ್ಲಿ ಮಲಗಿದ ಕರುವಿಗೆ.

ಒಂದು ಸಂಘದಲ್ಲಿ ಹೀಗೇ ಆಯಿತು. ಬೆಳಗಿನ ಪರೀಕ್ಷೆ ಮುಗಿದು ಬ್ಯುಟಿರೋಮೀಟರ್‌ಗಳ ಆಸಿಡ್ ನೀರನ್ನು ಕೊಠಡಿಯ ಮೂಲೆಯ ಬಚ್ಚಲಿಗೆ ಸುರಿದಿದ್ದರು. ಸ್ವಲ್ಪ ಹೊತ್ತಿನ ಮೇಲೆ ನೆಲ ತೊಳೆಯುವ ಹೆಣ್ಣುಮಗಳು ಎಂದಿನಂತೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕದಡಿ ಅದೇ ಬಚ್ಚಲಿಗೆ ಹುಯ್ದಳು. ಕಪಾಟಿನಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು, ಆದರೆ ಎರಡೂ ಬಚ್ಚಲಲ್ಲಿ ಭೇಟಿಯಾದವು. ಕೆಮ್ಮು ಹತ್ತಿ ಆಕೆ ಹೊರಗೆ ಓಡಿಬಂದಳು. ಬಾಗಿಲು ಹತ್ತಿರವಿದ್ದದ್ದು ಪುಣ್ಯ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆಸಿಡ್ ಸುರಿದವರು ಒಬ್ಬರು, ಪುಡಿ ಹಾಕಿದವರು ಇನ್ನೊಬ್ಬರು, ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಎರಡೂ ಒಂದೇ ಬಚ್ಚಲಿಗೆ ಹೋಗುತ್ತವೆ ಎಂದು ಇಬ್ಬರಿಗೂ ಯಾರೂ ಹೇಳಿರಲಿಲ್ಲ, ಅಷ್ಟೆ.

ಆದ್ದರಿಂದ ಆಸಿಡ್ ನೀರಿಗೆ ಬಚ್ಚಲು ಬೇಡ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಹಳ ನೀರು ಇಟ್ಟುಕೊಂಡು ಅದಕ್ಕೆ ಈ ಆಸಿಡ್ ನೀರನ್ನು ನಿಧಾನವಾಗಿ ಸುರಿಯಿರಿ. ಆಮೇಲೆ ವಾಷಿಂಗ್ ಸೋಡವನ್ನು ಹಿಡಿ ಹಿಡಿಯಾಗಿ ಹಾಕುತ್ತಾ ಬನ್ನಿ. ನೊರೆ ಏಳುವುದು ನಿಂತರೆ ಹುಳಿ ಸತ್ತಿತು ಎಂದರ್ಥ. ಆಗ ಬಾವಿಯಿಂದ, ದನ ಕಟ್ಟುವ ಜಾಗದಿಂದ ದೂರವಿರುವ ಗುಂಡಿಗೆ ಬಿಡಿ. ಸಗಣಿ ಗುಂಡಿಗೆ, ಗೋಬರ್ ಗ್ಯಾಸ್ ತೊಟ್ಟಿಗೆ ಆಸಿಡ್ ಹಾಕಬೇಡಿ. ಸಗಣಿ ಬಗ್ಗಡಕ್ಕೆ ಆಸಿಡ್ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಏಳುತ್ತದೆ, ಅದೂ ವಿಷವೇ.

ಬ್ಲೀಚಿಂಗ್ ಪುಡಿಯ ಎರಡನೇ ಜಗಳ ಗಂಜಲದ ಜೊತೆ. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಅಮೋನಿಯದ್ದು. ನಿಂತ ಗಂಜಲದ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿ ಎರಚಿದರೆ ಎರಡೂ ಸೇರಿ ಕಣ್ಣು, ಗಂಟಲು ಉರಿಸುವ ಕ್ಲೋರಮೀನ್ ಎಂಬ ಗಾಳಿ ಹುಟ್ಟುತ್ತದೆ. ಮೊದಲು ಸಗಣಿ ಗಂಜಲ ಬಳಿದು ನೀರಿನಿಂದ ತೊಳೆಯಿರಿ, ದನಗಳನ್ನು ಹೊರಗೆ ಕಟ್ಟಿ, ಆಮೇಲೆ ಪುಡಿ ಬಳಸಿ. ಹಾಗೆ ಮಾಡಿದರೆ ಪುಡಿಯೂ ಕಡಿಮೆ ಸಾಕಾಗುತ್ತದೆ, ಯಾಕೆಂದರೆ ಕೊಳೆಯ ಮೇಲೆ ಹಾಕಿದ ಪುಡಿಯ ಶಕ್ತಿ ಕೊಳೆಯಲ್ಲೇ ಮುಗಿದುಹೋಗುತ್ತದೆ.

ಮೂರನೆಯದು ಯೂರಿಯ. ಒಣಹುಲ್ಲನ್ನು ಯೂರಿಯದಿಂದ ಉಪಚರಿಸುವ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಚೀಲ ಯೂರಿಯ ಇರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿಯ ಪೊಟ್ಟಣ ಇಟ್ಟಿರುವುದನ್ನು ನೋಡಿದ್ದೇನೆ. ತೇವದಲ್ಲಿ ಇವೆರಡೂ ಬೆರೆತರೆ ಸಿಡಿಯುವ ಸ್ವಭಾವದ ವಸ್ತು ಉಂಟಾಗಬಹುದು. ಯೂರಿಯ ಚೀಲ ದನದ ಬಾಯಿಗೆ ಸಿಕ್ಕಿದರೆ ವಿಷ ಎಂದು ನಿಮಗೆ ಗೊತ್ತೇ ಇದೆ. ಅದನ್ನು ಹೇಗೂ ಕೊಟ್ಟಿಗೆಯಿಂದ ಆಚೆ ಇಡಬೇಕು, ಬ್ಲೀಚಿಂಗ್ ಪುಡಿಯಿಂದಲೂ ಆಚೆ ಇಡಿ. ಸೀಮೆಎಣ್ಣೆ, ಟರ್ಪೆಂಟೈನ್, ಫಿನಾಯಿಲ್, ಹಿಂಡಿ ಇವುಗಳ ಜೊತೆಯೂ ಪುಡಿ ಬೇಡ. ಎಣ್ಣೆ ಜಾತಿಯ ವಸ್ತು ತಗುಲಿ ಪುಡಿ ತಾನಾಗಿ ಕಾದು ಹೊಗೆಯಾಡುವುದುಂಟು.

ಯಾರ ಜೊತೆಯೂ ಸೇರದೆ ಸುಮ್ಮನೆ ಕುಳಿತರೂ ಈ ಪುಡಿ ಕೆಡುತ್ತದೆ. ಹೊಸದಾಗಿ ಬಂದ ಒಳ್ಳೆಯ ಪುಡಿಯಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಕ್ಲೋರಿನ್ ಇರುತ್ತದೆ. ಬಿಸಿಲು, ಸೆಕೆ, ತೇವ ತಗುಲಿದಂತೆ ಅದು ಸೋರಿಹೋಗುತ್ತದೆ. ಬೀರುವಿನ ಬಾಗಿಲು, ಪಕ್ಕದಲ್ಲಿಟ್ಟ ತಕ್ಕಡಿ, ಬ್ಯುಟಿರೋಮೀಟರ್ ಯಂತ್ರ ಬೇಗ ತುಕ್ಕು ಹಿಡಿಯುತ್ತಿದ್ದರೆ ಒಳಗಿರುವ ಪುಡಿಯ ಡಬ್ಬ ನೋಡಿ. ವರ್ಷಕ್ಕಾಗುವ 25 ಕೆ.ಜಿ. ಚೀಲ ಅಗ್ಗವೆಂದು ತರುವುದಕ್ಕಿಂತ ತಿಂಗಳಿಗಾಗುವಷ್ಟು ತಂದು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಬೇರೆ ಕೋಣೆಯಲ್ಲಿ ನೆರಳಲ್ಲಿ ಇಡುವುದು ಲೇಸು.

ದೊಡ್ಡ ಕಾರ್ಖಾನೆಗಳಲ್ಲೂ ಕಥೆ ಇದೇ, ಪ್ರಮಾಣ ಮಾತ್ರ ಬೇರೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಇದ್ದ ತೊಟ್ಟಿಯೊಳಗೆ ನೀರು ಸೇರಿತು. ನೀರು, ಬೇರೇನಲ್ಲ. ತೊಟ್ಟಿ ಕಾದು ವಿಷಗಾಳಿ ಊರಿನ ಮೇಲೆ ಹರಿದು ಸಾವಿರಾರು ಜನ, ಅವರ ಜೊತೆ ಸಾವಿರಾರು ದನಕರುಗಳು ಸತ್ತವು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಬಳಿ ಸ್ಟೈರೀನ್ ಎಂಬ ದ್ರವಕ್ಕೆ ಬೇರೆ ಯಾವುದನ್ನೂ ಸೇರಿಸಿರಲಿಲ್ಲ. ಲಾಕ್‌ಡೌನಿನಲ್ಲಿ ಕಾರ್ಖಾನೆ ನಿಂತಿತ್ತು, ತಂಪಾಗಿ ಇಡಬೇಕಾದ ದ್ರವ ತೊಟ್ಟಿಯಲ್ಲಿ ಹಾಗೇ ಕುಳಿತು ತಾನಾಗಿ ಕಾಯಿತು. ಅಲ್ಲೂ ಪಕ್ಕದ ಹಳ್ಳಿಯಲ್ಲಿ ಮನುಷ್ಯರ ಜೊತೆ ಹಟ್ಟಿಯಲ್ಲಿ ಕಟ್ಟಿದ್ದ ದನಗಳೂ ಸತ್ತವು. ಹಗ್ಗ ಬಿಚ್ಚುವವರಿಲ್ಲದೆ ದನ ಓಡಿಹೋಗಲಾರದು.

ಕಾಸ್ಟಿಕ್ ಸೋಡ ಮತ್ತು ಅಲ್ಯೂಮಿನಿಯಂ ಕ್ಯಾನು

ವಾಷಿಂಗ್ ಸೋಡ ಬೇರೆ, ಕಾಸ್ಟಿಕ್ ಸೋಡ ಬೇರೆ. ಎರಡೂ ಬಿಳಿ, ಎರಡಕ್ಕೂ ನಾವು ಸೋಡ ಎನ್ನುತ್ತೇವೆ. ಕಾಸ್ಟಿಕ್ ಸೋಡ ಚೂರುಚೂರಾಗಿ, ಸಿಪ್ಪೆಸಿಪ್ಪೆಯಾಗಿ ಬರುತ್ತದೆ. ಮುಚ್ಚಳ ತೆಗೆದಿಟ್ಟರೆ ಗಾಳಿಯ ತೇವ ಹೀರಿ ಅಂಟಂಟಾಗಿ ಕರಗುತ್ತದೆ. ಕಣ್ಣಿಗೆ ಬಿದ್ದರೆ ಆಸಿಡ್ಡಿಗಿಂತಲೂ ಕೆಟ್ಟದ್ದು, ಏಕೆಂದರೆ ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಇದನ್ನು ಅಲ್ಯೂಮಿನಿಯಂ ಪಾತ್ರೆಗೆ ಹಾಕಬೇಡಿ. ಹಳೆಯ ಹಾಲಿನ ಕ್ಯಾನಿನಲ್ಲಿ ಕಾಸ್ಟಿಕ್ ನೀರು ತುಂಬಿ ಮುಚ್ಚಳ ಹಾಕಿಟ್ಟರೆ ಲೋಹ ಕರಗುತ್ತಾ ಮತ್ತದೇ ಜಲಜನಕ ಹುಟ್ಟಿ ಒಳಗೆ ಒತ್ತಡ ಏರುತ್ತದೆ. ಕ್ಯಾನೂ ತೂತು ಬೀಳುತ್ತದೆ. ಕಾಸ್ಟಿಕ್ ಸೋಡವನ್ನು ನೀರಿಗೆ ಹಾಕುವಾಗಲೂ ಅದೇ ಕ್ರಮ: ಮೊದಲು ತಣ್ಣೀರು, ಆಮೇಲೆ ಸ್ವಲ್ಪ ಸ್ವಲ್ಪ ಸೋಡ. ಆಸಿಡ್ಡಿನಿಂದ ಇದನ್ನು ಕೋಣೆಯ ಆಚೆ ಬದಿಗೆ ಇಡಿ, ಎರಡೂ ಸೇರಿದರೆ ಕುದಿದು ಸಿಡಿಯುತ್ತದೆ.

ಈಗ ಬಹಳ ಸಂಘಗಳಲ್ಲಿ ಆಸಿಡ್ ಬೇಡದ ಹಾಲು ಪರೀಕ್ಷಾ ಯಂತ್ರ ಬಂದಿದೆ. ಹಾಗೆಂದು ನಿಶ್ಚಿಂತರಾಗಬೇಡಿ. ಯಂತ್ರದ ಜೊತೆ ಬರುವ ಎರಡು ತೊಳೆಯುವ ದ್ರಾವಣಗಳಲ್ಲಿ ದಿನ ಬಳಸುವುದು ಸಾಮಾನ್ಯವಾಗಿ ಸೋಡ ಜಾತಿಯದು, ವಾರಕ್ಕೊಮ್ಮೆ ಬಳಸುವುದು ಆಸಿಡ್ ಜಾತಿಯದು. ಉಳಿದ ಸ್ವಲ್ಪವನ್ನು ಒಂದೇ ಬಾಟಲಿಗೆ ಸೇರಿಸಿ ಜಾಗ ಉಳಿಸುವ ಯೋಚನೆ ಮಾಡಬೇಡಿ.

ದನದ ಔಷಧಿ ಡಬ್ಬದೊಳಗೆ

ಇದು ನಮ್ಮ ಇಲಾಖೆಯ ವಿಷಯ. ಕಾಲುಬಾಯಿ ಜ್ವರ ಬಂದಾಗ ಬಾಯಿಹುಣ್ಣನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ಕದಡಿದ ನೀರಿನಲ್ಲಿ ತೊಳೆದು, ಬೋರಿಕ್ ಪುಡಿ ಬೆರೆಸಿದ ಗ್ಲಿಸರಿನ್ ಸವರಿ ಎಂದು ನಾವೇ ಹೇಳುತ್ತೇವೆ. ಹಾಗಾಗಿ ನೇರಳೆ ಹರಳಿನ ಪೊಟ್ಟಣ, ಗ್ಲಿಸರಿನ್ ಬಾಟಲಿ ಎರಡೂ ಒಂದೇ ಡಬ್ಬದಲ್ಲಿ ಸೇರಿರುತ್ತವೆ. ಪೊಟ್ಟಣ ಹರಿದು, ಬಾಟಲಿ ಸೋರಿ, ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ಬಿದ್ದರೆ ಒಂದು ನಿಮಿಷದೊಳಗೆ ಹೊಗೆಯೆದ್ದು ಬೆಂಕಿ ಹತ್ತಿಕೊಳ್ಳಬಹುದು. ಕಡ್ಡಿ ಗೀರಬೇಕಾಗಿಲ್ಲ. ಡಬ್ಬ ಇರುವುದು ಹೆಚ್ಚಾಗಿ ಹುಲ್ಲಿನ ಅಟ್ಟದ ಕೆಳಗೇ ಅಲ್ಲವೇ? ಪರ್ಮಾಂಗನೇಟನ್ನು ಗಾಜಿನ ಚಿಕ್ಕ ಶೀಶೆಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಗ್ಲಿಸರಿನ್, ಟರ್ಪೆಂಟೈನ್, ಬೇವಿನೆಣ್ಣೆ, ಸ್ಪಿರಿಟ್ ಇರದ ಬೇರೆ ಡಬ್ಬದಲ್ಲಿಡಿ. ನೀರಿನಲ್ಲಿ ತೆಳು ಗುಲಾಬಿ ಬಣ್ಣಕ್ಕೆ ಕದಡಿದ ಮೇಲೆ ಈ ಭಯವಿಲ್ಲ, ಆದ್ದರಿಂದ ಚಿಕಿತ್ಸೆ ಬಿಡಬೇಕಾಗಿಲ್ಲ. ಸಂಘದ ಕೊಠಡಿಯಲ್ಲಿ ಇದನ್ನು ಇಟ್ಟರೆ ಗಂಧಕಾಮ್ಲದಿಂದ ದೂರ, ಬಹಳ ದೂರ ಇಡಿ. ಅವೆರಡು ಸೇರಿ ಆಗುವುದು ಸಿಡಿಮದ್ದಿನಂಥ ವಸ್ತು.

ಗೊರಸಿಗೆ ಬಳಸುವ ಮೈಲುತುತ್ತವನ್ನು ತಗಡಿನ ಬಕೆಟ್ಟಿನಲ್ಲಿ ಕದಡಿದರೆ ಬಕೆಟ್ಟು ಹಾಳು, ಔಷಧಿಯ ಶಕ್ತಿಯೂ ನಷ್ಟ. ಪ್ಲಾಸ್ಟಿಕ್ ಬಳಸಿ. ಕಲ್ಲುಸುಣ್ಣದ ಚೀಲವನ್ನು ಸೋರುವ ಸೂರಿನ ಕೆಳಗೆ, ಹುಲ್ಲಿನ ಪಕ್ಕ ಇಡಬೇಡಿ. ಮಳೆನೀರು ತಾಗಿ ಕಾದ ಸುಣ್ಣ ಗೋಣಿಗೂ ಹುಲ್ಲಿಗೂ ಬೆಂಕಿ ಹಚ್ಚಬಲ್ಲದು. ಕೃತಕ ಗರ್ಭಧಾರಣೆಯ ದ್ರವ ಸಾರಜನಕ ಯಾರ ಜೊತೆಯೂ ಸೇರಿ ಉರಿಯದು, ಆದರೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯದು. ಒಂದು ಲೀಟರ್ ಆವಿಯಾದರೆ ಹತ್ತಿರ ಹತ್ತಿರ 700 ಲೀಟರ್ ಗಾಳಿ. ಜಾಡಿಯ ಸಡಿಲ ಮುಚ್ಚಳವನ್ನು ಬಟ್ಟೆ ತುರುಕಿ ಬಿಗಿ ಮಾಡಬೇಡಿ, ಕಿಟಕಿಯಿಲ್ಲದ ಕೋಣೆಯಲ್ಲಿ ಇಡಬೇಡಿ.

ಫಾರ್ಮಲಿನ್ ಬಗ್ಗೆ ಒಂದೇ ಮಾತು. ಪ್ರಯೋಗಾಲಯಕ್ಕೆ ಕಳಿಸುವ ಮಾದರಿ ಕೆಡದಿರಲಿ ಎಂದು ಅಧಿಕಾರಿಗಳು ಬಳಸುವ ವಸ್ತು ಅದು. ಸಂಘದ ಕೊಠಡಿಯಲ್ಲಿ ಅದಕ್ಕೆ ಕೆಲಸವಿಲ್ಲ, ಕಂಡರೆ ಯಾಕಿದೆ ಎಂದು ಕೇಳಿ.

ಕಪಾಟು ಜೋಡಿಸುವಾಗ

ಒಂದು ಬೀರುವನ್ನಷ್ಟೇ ನಂಬಬೇಡಿ. ಕನಿಷ್ಠ ನಾಲ್ಕು ಜಾಗ ಬೇಕು. ಆಸಿಡ್‌ಗಳಿಗೆ ಒಂದು, ಸೋಡಗಳಿಗೆ ಒಂದು, ಉರಿಯುವ ಸ್ಪಿರಿಟ್, ಅಮೈಲ್ ಆಲ್ಕೋಹಾಲಿಗೆ ಒಂದು, ಬ್ಲೀಚಿಂಗ್ ಪುಡಿಗೆ ಮತ್ತೊಂದು. ಇದಕ್ಕೆ ಹೊಸ ಬೀರು ಬೇಕಾಗಿಲ್ಲ. ಕೊಠಡಿಯ ನಾಲ್ಕು ಮೂಲೆಯಲ್ಲಿ ನಾಲ್ಕು ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ಸಾಕು. ಪುಡಿಯ ಪೆಟ್ಟಿಗೆ ಪಕ್ಕದ ಕೋಣೆಗೆ ಹೋದರೆ ಇನ್ನೂ ಚೆನ್ನ. ನೈಟ್ರಿಕ್ ಆಸಿಡ್ ಇದ್ದರೆ ಅದಕ್ಕೆ ಪ್ರತ್ಯೇಕ ಟಬ್ಬು. ಕಣ್ಣಿನ ಮಟ್ಟಕ್ಕಿಂತ ಮೇಲೆ ಯಾವ ದ್ರವವೂ ಇರಬಾರದು, ಕೈ ಚಾಚಿ ಇಳಿಸುವಾಗಲೇ ಮುಖದ ಮೇಲೆ ಬೀಳುವುದು.

ಬಾಟಲಿಯ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಹೆಸರು, ತಂದ ದಿನ, ತೆರೆದ ದಿನ ಬರೆದು ಅಂಟಿಸಿ. ಓದು ಬಾರದವರಿಗೂ ತಿಳಿಯುವಂತೆ ಬಣ್ಣದ ಟೇಪು ಸುತ್ತಿ. ಆಸಿಡ್ಡಿಗೆ ಕೆಂಪು, ಸೋಡಕ್ಕೆ ನೀಲಿ, ಪುಡಿಗೆ ಹಳದಿ ಎಂದು ಒಮ್ಮೆ ತೀರ್ಮಾನಿಸಿ ಗೋಡೆಯ ಮೇಲೂ ಅದೇ ಬಣ್ಣ ಬಳಿಯಿರಿ. ಕಂಪನಿಯ ಲೇಬಲ್ಲಿನಲ್ಲಿ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಚಿತ್ರಗಳಿರುತ್ತವೆ, ನೋಡಿ. ಕೈಯ ಮೇಲೆ ದ್ರವ ಸುರಿಯುವ ಚಿತ್ರವಿದ್ದರೆ ಚರ್ಮ ಸುಡುವುದು. ಬರೀ ಜ್ವಾಲೆಯಿದ್ದರೆ ಉರಿಯುವುದು. ದುಂಡನೆಯ ಬಳೆಯ ಮೇಲೆ ಜ್ವಾಲೆಯಿದ್ದರೆ ಬೇರೆಯದನ್ನು ಉರಿಸುವುದು. ಈ ಕೊನೆಯ ಎರಡು ಚಿತ್ರದವು ಎಂದೂ ಒಟ್ಟಿಗೆ ಇರಬಾರದು.

ತಂಪು ಪಾನೀಯದ ಬಾಟಲಿ, ನೀರಿನ ಬಾಟಲಿ, ಮದ್ಯದ ಶೀಶೆಗೆ ಆಸಿಡ್ಡನ್ನಾಗಲಿ ಉಣ್ಣೆಯ ಔಷಧಿಯನ್ನಾಗಲಿ ಬಗ್ಗಿಸಿ ಮನೆಗೆ ಒಯ್ಯಬೇಡಿ. ಶೌಚಾಲಯ ತೊಳೆಯಲು ಒಂದಿಷ್ಟು ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಬಾಯಾರಿ ಬಂದ ಮಗು ಬಾಟಲಿಯ ಆಕಾರ ನೋಡುತ್ತದೆ, ಒಳಗಿನದನ್ನಲ್ಲ.

ಬೀಗ ಮತ್ತು ಪುಸ್ತಕ

ಆಸಿಡ್ಡಿಗೆ ಬೀಗ ಬೇಕಾದ ಇನ್ನೊಂದು ಕಾರಣವನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಸಿಡ್ ದಾಳಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಆಸಿಡ್ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. ಕೊಳ್ಳುವವರ ಹೆಸರು ವಿಳಾಸ ಬರೆದುಕೊಳ್ಳದೆ, ಗುರುತಿನ ಚೀಟಿ ನೋಡದೆ ಅಂಗಡಿಯವರು ಮಾರುವಂತಿಲ್ಲ. 18 ವರ್ಷದೊಳಗಿನವರಿಗೆ ಮಾರುವಂತೆಯೇ ಇಲ್ಲ. ಆಸಿಡ್ ಇಟ್ಟುಕೊಳ್ಳುವ ಶಾಲಾ ಕಾಲೇಜು, ಪ್ರಯೋಗಾಲಯ, ಆಸ್ಪತ್ರೆಗಳು ಬಳಕೆಯ ಪುಸ್ತಕ ಇಡಬೇಕು, ಅದರ ಕಾವಲಿಗೆ ಒಬ್ಬರನ್ನು ಹೊಣೆ ಮಾಡಬೇಕು ಎಂದೂ ಹೇಳಿತು. ನಮ್ಮ ಸಂಘಗಳೂ ಅದೇ ಪದ್ಧತಿ ಅನುಸರಿಸುವುದು ಸರಿ. ಬಂದದ್ದೆಷ್ಟು, ಇವತ್ತಿನ ಮಾದರಿಗಳೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಎಂದು ಪರೀಕ್ಷಕಿ ದಿನಕ್ಕೆ ಒಂದು ಸಾಲು ಬರೆಯಬೇಕು. ಮಾದರಿಗೆ 10 ಮಿಲಿಲೀಟರ್ ಎಂಬ ಲೆಕ್ಕ ಸಲೀಸು, ಕಾಲು ಲೀಟರ್ ಕಾಣೆಯಾದರೂ ಗೊತ್ತಾಗುತ್ತದೆ. ಬೀಗದ ಕೈ ಗೋಡೆಯ ಮೊಳೆಗೆ ನೇತುಹಾಕಿದರೆ ಬೀಗ ಹಾಕಿದಂತಲ್ಲ.

ಚೆಲ್ಲಿದರೆ, ತಗುಲಿದರೆ

ಆಸಿಡ್ ನೆಲಕ್ಕೆ ಚೆಲ್ಲಿದರೆ ನೀರು ಹುಯ್ಯಬೇಡಿ, ಒಣಮರಳು ಸುರಿದು ಹರಡದಂತೆ ತಡೆಯಿರಿ. ಮೇಲೆ ವಾಷಿಂಗ್ ಸೋಡ ಉದುರಿಸಿ, ನೊರೆ ನಿಂತ ಮೇಲೆ ಪ್ಲಾಸ್ಟಿಕ್ ಮೊರದಲ್ಲಿ ಬಳಿಯಿರಿ. ಅದಕ್ಕಾಗಿ ಒಂದು ಬಕೆಟ್ಟು ಒಣಮರಳು ಕೊಠಡಿಯಲ್ಲೇ ಇರಲಿ. ಎರಡು ಕೊಡ ಶುದ್ಧ ನೀರು ಸದಾ ತುಂಬಿರಲಿ, ಕರೆಂಟು ಹೋದಾಗ ನಲ್ಲಿ ನಂಬುವಂತಿಲ್ಲ. ಕಣ್ಣು ಮುಚ್ಚುವ ಕನ್ನಡಕ, ಉದ್ದ ರಬ್ಬರ್ ಗ್ಲೌಸು, ಪ್ಲಾಸ್ಟಿಕ್ ಮುಂಗವಚ ಇವನ್ನು ಪರೀಕ್ಷಕಿಗೆ ಸಂಘ ಕೊಡಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಮುಚ್ಚಿದ ಚಪ್ಪಲಿ ಹಾಕಿ.

ಮೈಗೆ ಆಸಿಡ್ ಬಿದ್ದರೆ ಬಟ್ಟೆ ಕಿತ್ತೆಸೆದು ಧಾರಾಳವಾಗಿ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಒಂದು ಚೊಂಬು ಸಾಲದು. ನಾಚಿಕೆಯಿಂದ ಸೀರೆ ತೆಗೆಯದೆ ಕೂತರೆ ಬಟ್ಟೆ ಹೀರಿದ ಆಸಿಡ್ ಸುಡುತ್ತಲೇ ಇರುತ್ತದೆ. ಹೆಂಗಸರು ಸುತ್ತ ನಿಂತು ಮರೆ ಮಾಡಿ. ಅರಿಸಿನ, ತುಪ್ಪ, ಟೂತ್‌ಪೇಸ್ಟು, ಸೋಡಪುಡಿ ಮೈಗೆ ಹಚ್ಚಬೇಡಿ. ಕಲ್ಲುಸುಣ್ಣದ ಪುಡಿ, ಕಾಸ್ಟಿಕ್ ಚೂರು ಮೈಮೇಲೆ ಬಿದ್ದರೆ ಮೊದಲು ಒಣಬಟ್ಟೆಯಲ್ಲಿ ಕೊಡವಿ, ಆಮೇಲೆ ನೀರು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 20 ನಿಮಿಷ ನೀರು ಹುಯ್ಯಿರಿ. ಹಾಲಾಗಲಿ, ಎದೆಹಾಲಾಗಲಿ, ಹರಳೆಣ್ಣೆಯಾಗಲಿ ಕಣ್ಣಿಗೆ ಬೇಡ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ತೊಳೆಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕ್ಲೋರಿನ್ ವಾಸನೆ ಬಂದರೆ ತೊಳೆಯಲು, ಮುಚ್ಚಲು ನಿಲ್ಲಬೇಡಿ. ಉಸಿರು ಹಿಡಿದು ಹೊರಗೆ ಬನ್ನಿ, ಗಾಳಿ ಬೀಸುವ ಎದುರು ದಿಕ್ಕಿಗೆ, ಎತ್ತರದ ಕಡೆಗೆ ಹೋಗಿ. ಕೆಮ್ಮು ಕಡಿಮೆಯಾಯಿತೆಂದು ಮನೆಗೆ ಹೋಗಿ ಹಾಲು ಕರೆಯಲು ಕೂರಬೇಡಿ, ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಅದೇ ದಿನ ಆಸ್ಪತ್ರೆಗೆ ತೋರಿಸಿ. ಹೋಗುವಾಗ ಯಾವ ವಸ್ತು ಎಂದು ವೈದ್ಯರಿಗೆ ತಿಳಿಯಲು ಬಾಟಲಿಯ ಲೇಬಲ್ಲಿನ ಫೋಟೊ ಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಒಳಗೆ ಹೋಗಿ ತೆಗೆಯಲಾಗದು. ಇವತ್ತೇ ಪ್ರತಿ ಬಾಟಲಿಯ ಲೇಬಲ್ಲಿನ ಫೋಟೊ ತೆಗೆದು ಕಾರ್ಯದರ್ಶಿ, ಪರೀಕ್ಷಕಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಲಿ.